ಬೆಂಗಳೂರಿನಲ್ಲೇ ನಿಂತು ಅಳೆದು ನೋಡಬಹುದಾದ ಭೂಮಿಯ ಅಚ್ಚರಿಗಳು

ಅಳತೆಗೋಲು

ಜಗತ್ತಿನ ವಿಚಿತ್ರ ಸಂಗತಿಗಳು ಅಂತ ವಾಟ್ಸಾಪ್‌ನಲ್ಲಿ ಹರಿದಾಡುವ ಪಟ್ಟಿಗಳನ್ನು ಎಲ್ಲರೂ ಓದಿರುತ್ತೀರಿ. ಅದರಲ್ಲಿ ನಿಜ ಯಾವುದು, ಕಟ್ಟುಕತೆ ಯಾವುದು ಅಂತ ಹೇಳುವವರಿಲ್ಲ. ಅದಕ್ಕೇ ಈ ಎಳೆಗೆ ಒಂದೇ ನಿಯಮ ಇಟ್ಟುಕೊಳ್ಳೋಣ: ಬೆಂಗಳೂರಲ್ಲಿರುವವರು ತಮ್ಮ ಕೈಯಾರೆ ಪರೀಕ್ಷಿಸಬಹುದಾದ ಸಂಗತಿಗಳನ್ನು ಮಾತ್ರ ಬರೆಯಿರಿ. ಏನು ಬೇಕು, ಎಷ್ಟು ಬೇಕು, ಎಲ್ಲಿ ಕೆಡುತ್ತದೆ ಅನ್ನುವುದೂ ಜೊತೆಗಿರಲಿ.

ನೆರಳಿನಿಂದ ಶುರು ಮಾಡುತ್ತೇನೆ. ಮಧ್ಯಾಹ್ನ 12 ಗಂಟೆಗೆ ಸೂರ್ಯ ನೆತ್ತಿಯ ಮೇಲೆ ಇರುತ್ತಾನೆ ಅನ್ನುವುದು ನಮ್ಮೂರಿನಲ್ಲಿ ವರ್ಷಕ್ಕೆ ಎರಡೇ ದಿನ ನಿಜ, ಅದೂ 12 ಗಂಟೆಗಲ್ಲ. ಬೆಂಗಳೂರಿನ ಅಕ್ಷಾಂಶ ಸುಮಾರು 12.97 ಡಿಗ್ರಿ ಉತ್ತರ. ಸೂರ್ಯ ಉತ್ತರಕ್ಕೆ ಸರಿಯುತ್ತಾ ಏಪ್ರಿಲ್ 24-25ರ ಹೊತ್ತಿಗೆ ನಮ್ಮ ನೆತ್ತಿಗೆ ಬರುತ್ತಾನೆ, ಹಿಂದಿರುಗುವಾಗ ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ. ಆ ಕ್ಷಣ ನೆಟ್ಟಗೆ ನಿಂತ ಕೋಲಿಗೆ ಪಕ್ಕದಲ್ಲಿ ನೆರಳೇ ಬೀಳದು, ಅದಕ್ಕೇ ಇವನ್ನು ಶೂನ್ಯ ನೆರಳಿನ ದಿನ ಅನ್ನುತ್ತಾರೆ. ಏಪ್ರಿಲ್‌ನಲ್ಲಿ ಆ ಕ್ಷಣ 12 ಗಂಟೆ 17 ನಿಮಿಷ ದಾಟಿದ ಮೇಲೆ, ಆಗಸ್ಟ್‌ನಲ್ಲಿ 12 ಗಂಟೆ 23 ನಿಮಿಷ ದಾಟಿದ ಮೇಲೆ. ನಮ್ಮ ಗಡಿಯಾರದ ಸಮಯ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಬೆಂಗಳೂರು ಅದಕ್ಕಿಂತ ಸುಮಾರು 4.9 ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷದಂತೆ ಇಪ್ಪತ್ತು ನಿಮಿಷದಷ್ಟು ತಡ ಅಲ್ಲೇ ಬಂತು. ಉಳಿದ ಏರಿಳಿತ ಭೂಮಿಯ ಓಟದ ವೇಗ ವರ್ಷವಿಡೀ ಒಂದೇ ಸಮ ಇಲ್ಲದ್ದರಿಂದ ಮತ್ತು ಅದರ ಅಕ್ಷದ ಓರೆಯಿಂದ.

ಈ ಎರಡು ದಿನಗಳ ನಡುವೆ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಜೂನ್ 21ರ ನಡುಮಧ್ಯಾಹ್ನ, ಅಂದರೆ ಸೂರ್ಯ ಅತಿ ಮೇಲಿರುವ ಕ್ಷಣ, 1 ಮೀಟರ್ ಕೋಲಿನ ನೆರಳು ಸುಮಾರು 18 ಸೆಂ.ಮೀ., ಬೀಳುವುದು ದಕ್ಷಿಣಕ್ಕೆ. ಡಿಸೆಂಬರ್ 21ರಂದು ಅದೇ ಕೋಲಿನ ನೆರಳು 74 ಸೆಂ.ಮೀ.ಗೆ ಹತ್ತಿರ, ಬೀಳುವುದು ಉತ್ತರಕ್ಕೆ. ದೆಹಲಿಯವರಿಗೆ ಈ ದಿಕ್ಕು ಬದಲಾಗುವ ಭಾಗ್ಯವೇ ಇಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆ ಸೂರ್ಯ ನೆತ್ತಿಗೆ ಬರುವುದೇ ಇಲ್ಲ.

ಜಯನಗರ ನಾಲ್ಕನೇ ಬ್ಲಾಕ್

ಸರ್, ಒಳ್ಳೆ ಎಳೆ. ಒಂದು ಸಂದೇಹ. ಶೂನ್ಯ ನೆರಳಿನ ದಿನದ ಫೋಟೊಗಳಲ್ಲಿ ಬಾಟಲಿಯ ಸುತ್ತ ಒಂದಿಷ್ಟು ಮಬ್ಬು ನೆರಳು ಉಳಿದೇ ಇರುತ್ತದೆ. ಕೆಲವರದ್ದು ಒಂದು ಕಡೆಗೆ ವಾಲಿರುತ್ತದೆ. ಅದು ದಿನ ತಪ್ಪಿದ್ದಕ್ಕಾ, ಇಟ್ಟ ಜಾಗ ಸರಿಯಿಲ್ಲದ್ದಕ್ಕಾ?

ಅಳತೆಗೋಲು

ಎರಡೂ ಬೇರೆ ಬೇರೆ. ಸುತ್ತಲಿನ ಮಬ್ಬು ಇರಲೇಬೇಕು. ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ 1 ಮೀಟರ್ ಎತ್ತರದ ಅಂಚು ನೆಲದ ಮೇಲೆ 9 ಮಿ.ಮೀ. ಅಗಲದ ಮಸುಕು ಪಟ್ಟಿ ಬಿಡುತ್ತದೆ, ಅದರಲ್ಲಿ ಅರ್ಧ ವಸ್ತುವಿನ ಆಚೆ ಕಾಣಿಸುತ್ತದೆ. 10 ಸೆಂ.ಮೀ. ಎತ್ತರದ ಸ್ಟೀಲ್ ಲೋಟ ಬೋರಲು ಹಾಕಿದರೆ ಅದು ಅರ್ಧ ಮಿ.ಮೀ.ಗೆ ಇಳಿಯುತ್ತದೆ, ನೆರಳು ಮಾಯವಾದಂತೆಯೇ ಕಾಣುತ್ತದೆ. ಮಕ್ಕಳಿಗೆ ತೋರಿಸಲು ಲೋಟ ಸಾಕು, ಅಳತೆಗೆ ಎತ್ತರವಾದದ್ದೇ ಬೇಕು.

ಒಂದು ಕಡೆಗೆ ವಾಲಿದ್ದರೆ ಸಾಮಾನ್ಯವಾಗಿ ತಪ್ಪು ತಾರಸಿಯದ್ದು. ಮಳೆನೀರು ಹರಿಯಲಿ ಅಂತ ಪ್ರತಿ ತಾರಸಿಗೂ ಇಳಿಜಾರು ಕೊಟ್ಟಿರುತ್ತಾರೆ. ನೂರಕ್ಕೆ ಒಂದರ ಇಳಿಜಾರು ಇದ್ದರೂ 1 ಮೀಟರ್ ಕೋಲಿನ ತುದಿ 1 ಸೆಂ.ಮೀ. ಸರಿದಿರುತ್ತದೆ. ಸೂರ್ಯ ಆ ದಿನಗಳಲ್ಲಿ ದಿನಕ್ಕೆ ಮೂರನೇ ಒಂದು ಡಿಗ್ರಿ ಸರಿಯುತ್ತಾನೆ, ಅಂದರೆ ಕೋಲಿನ ನೆರಳಿನಲ್ಲಿ ಸುಮಾರು 6 ಮಿ.ಮೀ. ತಾರಸಿಯ ಇಳಿಜಾರೊಂದೇ ನಿಮ್ಮ ಅಳತೆಯನ್ನು ಎರಡು ದಿನದಷ್ಟು ಕೆಡಿಸಬಲ್ಲದು.

ಸರಿಯಾಗಿ ಮಾಡುವ ಕ್ರಮ ಹೀಗೆ. ಒಂದು ಪ್ಲೈವುಡ್ ಹಲಗೆ ತೆಗೆದುಕೊಂಡು ಅದರ ಕೆಳಗೆ ರಟ್ಟಿನ ತುಂಡು ಕೊಡುತ್ತಾ, ಗಾರೆ ಕೆಲಸದವರ ರಸಮಟ್ಟ ಎರಡೂ ದಿಕ್ಕಿಗೆ ಇಟ್ಟು ಸಮ ಮಾಡಿ. ಒಂದೇ ದಿಕ್ಕಿಗೆ ನೋಡಿ ಬಿಟ್ಟರೆ ಪ್ರಯೋಜನವಿಲ್ಲ. ಕೋಲಿನ ಬದಲು ಸ್ಟ್ಯಾಂಡಿಗೆ ಒಂದು ರಟ್ಟನ್ನು ಹಲಗೆಯಿಂದ ಸರಿಯಾಗಿ 1 ಮೀಟರ್ ಎತ್ತರದಲ್ಲಿ ಅಡ್ಡಲಾಗಿ ಕಟ್ಟಿ, ಅದರಲ್ಲಿ 3 ಮಿ.ಮೀ. ರಂಧ್ರ ಕೊರೆಯಿರಿ. ಬೆಳಗ್ಗೆ ಗಾಳಿ ಇಲ್ಲದಾಗ ರಂಧ್ರದಿಂದ ತೂಗುಗುಂಡು ಇಳಿಬಿಟ್ಟು ಅದರ ತುದಿ ಮುಟ್ಟುವಲ್ಲಿ ಗುರುತು ಹಾಕಿ. ಆಮೇಲೆ ಸ್ಟ್ಯಾಂಡ್ ಅಲುಗಿಸಬೇಡಿ. ಮಧ್ಯಾಹ್ನ ರಂಧ್ರದಿಂದ ಹಲಗೆಯ ಮೇಲೆ 12 ಮಿ.ಮೀ.ನ ಒಂದು ದುಂಡು ಬೆಳಕು ಬೀಳುತ್ತದೆ. ಅದು ಸೂರ್ಯನ ಬಿಂಬವೇ. ಮಸುಕು ನೆರಳಿನ ತುದಿ ಹುಡುಕುವುದಕ್ಕಿಂತ ದುಂಡು ಬೆಳಕಿನ ನಡುಬಿಂದು ಗುರುತಿಸುವುದು ಎಷ್ಟೋ ಸುಲಭ, 1 ಮಿ.ಮೀ. ಒಳಗೆ ಸಿಗುತ್ತದೆ.

12:05ರಿಂದ 12:30ರವರೆಗೆ ಎರಡೆರಡು ನಿಮಿಷಕ್ಕೆ ಚುಕ್ಕಿ ಇಡಿ. ಬೆಳಕು ಪಶ್ಚಿಮದಿಂದ ಪೂರ್ವಕ್ಕೆ ನಿಮಿಷಕ್ಕೆ 4 ಮಿ.ಮೀ. ಮೇಲೆ ಓಡುತ್ತದೆ. ಭೂಮಿ ತಿರುಗುವುದನ್ನು ಇಷ್ಟು ಕಣ್ಣಿಗೆ ಕಟ್ಟುವಂತೆ ತೋರಿಸುವ ಸಾಧನ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಬೀದರಿನ ಬಿಸಿಲು

ಇದಕ್ಕೆ ಒಂದು ಮುಂದುವರಿಕೆ ಇದೆ. ಬೀದರ್ ಮತ್ತು ಬೆಂಗಳೂರು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ, 77.5 ಮತ್ತು 77.6 ಡಿಗ್ರಿ. ಎರಡೂ ಊರಲ್ಲಿ ನಡುಮಧ್ಯಾಹ್ನ ಒಂದೇ ನಿಮಿಷಕ್ಕೆ ಆಗುತ್ತದೆ. ಹಾಗಾಗಿ ಕರ್ನಾಟಕದ ಗಡಿಯೊಳಗೇ ಇಡೀ ಭೂಮಿಯ ಸುತ್ತಳತೆ ತೆಗೆಯಬಹುದು, ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಈಜಿಪ್ಟಿನಲ್ಲಿ ಮಾಡಿದ ಹಾಗೆ.

ಬೆಂಗಳೂರಲ್ಲಿ ಶೂನ್ಯ ನೆರಳಿರುವ ದಿನ ಬೀದರ್‌ನಲ್ಲಿರುವ ಗೆಳೆಯರಿಗೆ ಮೇಲೆ ಹೇಳಿದ ಹಲಗೆಯನ್ನೇ ಇಡಲು ಹೇಳಿ. ಅಲ್ಲಿ ನಡುಮಧ್ಯಾಹ್ನದ ಬೆಳಕು ತೂಗುಗುಂಡಿನ ಗುರುತಿನಿಂದ 86 ಮಿ.ಮೀ.ನಷ್ಟು ಉತ್ತರಕ್ಕೆ ಬೀಳುತ್ತದೆ. 86ನ್ನು 1000ದಿಂದ ಭಾಗಿಸಿ, ಫೋನಿನ ಕ್ಯಾಲ್ಕುಲೇಟರಿನಲ್ಲಿ ವಿಲೋಮ ಟ್ಯಾನ್ (tan⁻¹) ಒತ್ತಿದರೆ 4.9 ಡಿಗ್ರಿ ಬರುತ್ತದೆ. ಎರಡೂರುಗಳ ನೇರ ದೂರ ಸುಮಾರು 547 ಕಿ.ಮೀ. 360ನ್ನು 4.9ರಿಂದ ಭಾಗಿಸಿ 547ರಿಂದ ಗುಣಿಸಿ, 40 ಸಾವಿರ ಕಿ.ಮೀ. ಆಸುಪಾಸು ಬರುತ್ತದೆ. ನಿಜವಾದ ಧ್ರುವ ಸುತ್ತಳತೆ ಸುಮಾರು 40,008.

ಎಲ್ಲರೂ ಎಡವುವ ಜಾಗ ಒಂದೇ: ಬಸ್ಸಿನ ದೂರ ಹಾಕಿಬಿಡುವುದು. ರಸ್ತೆ ಬಳಸಿಕೊಂಡು ಹೋಗುತ್ತದೆ, ಆ ದೂರ ಹಾಕಿದರೆ ಭೂಮಿ ಕಾಲು ಭಾಗದಷ್ಟು ಉಬ್ಬಿಬಿಡುತ್ತದೆ. ನಕ್ಷೆಯಲ್ಲಿ ನೇರಗೆರೆ ಎಳೆದೇ ಅಳೆಯಬೇಕು. ಇನ್ನೊಂದು, ಎರಡೂ ಕಡೆ ಒಂದೇ ದಿನ ಅಳೆಯಬೇಕು. ಮೋಡ ಅಡ್ಡ ಬಂತು ಅಂತ ಒಬ್ಬರು ಮರುದಿನ ಅಳೆದರೆ ಮೂರನೇ ಒಂದು ಡಿಗ್ರಿ ಹೋಯಿತು, ಲೆಕ್ಕದ ಫಲಿತಾಂಶದಲ್ಲಿ ನೂರಕ್ಕೆ ಏಳರಷ್ಟು ದೋಷ. ಮೋಡದ ಭಯವಿದ್ದರೆ ಶೂನ್ಯ ನೆರಳಿನ ದಿನಕ್ಕೇ ಅಂಟಿಕೊಳ್ಳಬೇಕಾಗಿಲ್ಲ. ಫೆಬ್ರವರಿಯ ಯಾವುದೇ ತಿಳಿ ದಿನ ಎರಡೂ ಊರಲ್ಲಿ ಕೋನ ತೆಗೆದು ಒಂದರಿಂದ ಇನ್ನೊಂದನ್ನು ಕಳೆದರೂ ಅದೇ 4.9 ಸಿಗುತ್ತದೆ.

ಸಜ್ಜಾ ಲಿಂಟಲ್

ಮನೆ ಕಟ್ಟಿಸುವವರು ಈ ಲೆಕ್ಕವನ್ನು ಗಮನಿಸಬೇಕು. ಏಪ್ರಿಲ್ 25ರಿಂದ ಆಗಸ್ಟ್ 17ರವರೆಗೆ, ಸುಮಾರು 115 ದಿನ, ಸೂರ್ಯ ಹುಟ್ಟುವುದರಿಂದ ಮುಳುಗುವವರೆಗೂ ಆಕಾಶದ ಉತ್ತರಾರ್ಧದಲ್ಲೇ ಇರುತ್ತಾನೆ. ನಿಮ್ಮ ಮನೆಯ ದಕ್ಷಿಣ ಗೋಡೆಗೆ ಅಷ್ಟೂ ದಿನ ನೇರ ಬಿಸಿಲು ಒಂದು ಕ್ಷಣವೂ ತಾಗುವುದಿಲ್ಲ. ಉತ್ತರದ ಕಿಟಕಿ ಯಾವತ್ತೂ ತಂಪು ಅನ್ನುವ ಮಾತು ಉತ್ತರ ಭಾರತದಲ್ಲಿ ಬಹುಮಟ್ಟಿಗೆ ಸರಿ, ಇಲ್ಲಿ ಅಲ್ಲ. ಜೂನ್‌ನಲ್ಲಿ ಸೂರ್ಯ ಪೂರ್ವಕ್ಕಿಂತ 24 ಡಿಗ್ರಿ ಉತ್ತರಕ್ಕೆ ಹುಟ್ಟಿ, ಅಷ್ಟೇ ಉತ್ತರಕ್ಕೆ ಮುಳುಗುತ್ತಾನೆ. ಬೆಳಗ್ಗೆ ಮತ್ತು ಸಂಜೆ ಉತ್ತರದ ಕಿಟಕಿಗೆ ಓರೆ ಬಿಸಿಲು ಬೀಳುತ್ತದೆ. ಮೇಲಿನ ಸಜ್ಜಾ ಅದನ್ನು ತಡೆಯುವುದಿಲ್ಲ, ಪಕ್ಕದಲ್ಲಿ ನಿಲುವು ಫಿನ್ (ಗೋಡೆಯಿಂದ ಹೊರಚಾಚಿದ ಲಂಬ ಪಟ್ಟಿ) ಬೇಕು.

ದಕ್ಷಿಣದ ಕಿಟಕಿಗೆ ಡಿಸೆಂಬರ್ ಲೆಕ್ಕ ಮುಖ್ಯ. ಆಗ ನಡುಮಧ್ಯಾಹ್ನದ ಸೂರ್ಯ ದಿಗಂತದಿಂದ 53.6 ಡಿಗ್ರಿ ಮೇಲಿರುತ್ತಾನೆ. 60 ಸೆಂ.ಮೀ. ಸಜ್ಜಾ ಹಾಕಿದರೆ ಅದರ ಕೆಳಗೆ 81 ಸೆಂ.ಮೀ.ವರೆಗೆ ನೆರಳು. 120 ಸೆಂ.ಮೀ. ಕಿಟಕಿ ಪೂರ್ತಿ ನೆರಳಲ್ಲಿರಬೇಕಾದರೆ ಸಜ್ಜಾ 88 ಸೆಂ.ಮೀ. ಬೇಕು. ಚಳಿಗಾಲದ ಬಿಸಿಲು ಒಳಗೆ ಬರಲಿ ಅನ್ನುವವರಿಗೆ 60 ಸಾಕು.

ವಿದ್ಯುತ್ತಿನ ಸೋಲಾರ್ ಫಲಕವನ್ನು ದಕ್ಷಿಣಕ್ಕೆ 13 ಡಿಗ್ರಿ ಆಸುಪಾಸು ಓರೆ ಇಡುವುದು ಇದೇ ಅಕ್ಷಾಂಶದ ಕಾರಣಕ್ಕೆ. ನೀರು ಕಾಯಿಸುವ ಸೋಲಾರ್ ಅದಕ್ಕಿಂತ ಹೆಚ್ಚು ಕಡಿದಾಗಿರುತ್ತದೆ. ಬಿಸಿನೀರು ಹೆಚ್ಚು ಬೇಕಾಗುವುದು ಚಳಿಗಾಲದಲ್ಲಿ, ಆಗ ಸೂರ್ಯ ದಕ್ಷಿಣಕ್ಕೆ ಬಾಗಿರುತ್ತಾನಲ್ಲ.

ಪಂಚಾಂಗ ನೋಡುವವಳು

ಸಾಧನ ಏನೂ ಬೇಡದ ಒಂದು ಅಚ್ಚರಿ, ಗೋಡೆಯ ಕ್ಯಾಲೆಂಡರ್ ಸಾಕು. ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21-22. ಹಾಗಾದರೆ ಸೂರ್ಯ ಅತಿ ಬೇಗ ಮುಳುಗುವುದು ಅವತ್ತೇ ಇರಬೇಕು ಅನ್ನಿಸುತ್ತದೆ. ಕ್ಯಾಲೆಂಡರಿನಲ್ಲಿ ನೋಡಿ: ಬೆಂಗಳೂರಲ್ಲಿ ಅತಿ ಬೇಗನೆ ಸೂರ್ಯಾಸ್ತ ಆಗುವುದು ನವೆಂಬರ್ 20ರ ಆಸುಪಾಸು, ಸುಮಾರು 5:50ಕ್ಕೆ. ಡಿಸೆಂಬರ್ 21ಕ್ಕೆ ಅದು ಆಗಲೇ 5:58 ಆಗಿರುತ್ತದೆ. ಅತಿ ತಡವಾದ ಸೂರ್ಯೋದಯ ಜನವರಿ ಕೊನೆಯ ವಾರ, ಸುಮಾರು 6:46. ಸಂಕ್ರಾಂತಿ ಕಳೆದ ಮೇಲೂ ಬೆಳಗ್ಗೆ ಕತ್ತಲೆ ಜಾಸ್ತಿ ಅಂತ ವಾಕಿಂಗ್ ಹೋಗುವವರು ಹೇಳುವುದು ಭ್ರಮೆಯಲ್ಲ.

ಕಾರಣ ಎರಡು. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ, 14.7 ಕೋಟಿ ಕಿ.ಮೀ. ದೂರದಲ್ಲಿರುತ್ತದೆ. ಜುಲೈ ಮೊದಲ ವಾರದಲ್ಲಿ ಆ ದೂರ 15.2 ಕೋಟಿ. ಹತ್ತಿರವಿದ್ದಾಗ ಭೂಮಿ ಜೋರಾಗಿ ಓಡುತ್ತದೆ. ಅದರ ಜೊತೆಗೆ ಅಕ್ಷದ ಓರೆಯೂ ಸೇರಿ ನವೆಂಬರ್‌ನಿಂದ ಫೆಬ್ರವರಿ ಆರಂಭದವರೆಗೆ ನಡುಮಧ್ಯಾಹ್ನವೇ ದಿನದಿನಕ್ಕೆ ತಡವಾಗುತ್ತಾ ಹೋಗುತ್ತದೆ, ನವೆಂಬರ್ 20ರ ಸುಮಾರಿಗೆ ದಿನಕ್ಕೆ 14 ಸೆಕೆಂಡಿನಂತೆ. ನಮ್ಮ ಅಕ್ಷಾಂಶದಲ್ಲಿ ಹಗಲಿನ ಉದ್ದ ಬದಲಾಗುವುದು ಬಹಳ ನಿಧಾನ, ಅದಕ್ಕೇ ಈ ತಡ ಮೇಲುಗೈ ಪಡೆಯುತ್ತದೆ. ಲಂಡನ್ನಿನಲ್ಲಿ ಹಗಲು ಬೇಗ ಬೇಗ ಕುಗ್ಗುತ್ತದೆ, ಅಲ್ಲಿ ಬೇಗನೆಯ ಸೂರ್ಯಾಸ್ತ ಡಿಸೆಂಬರ್ ಮಧ್ಯದಲ್ಲೇ ಆಗುತ್ತದೆ.

ಗವಿ ಗಂಗಾಧರೇಶ್ವರನ ವಿಚಾರವನ್ನೂ ಇಲ್ಲೇ ಹೇಳಬೇಕು. ಮಕರ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ಊರೆಲ್ಲಾ ನೋಡುತ್ತದೆ. ಆದರೆ ಸೂರ್ಯ ಡಿಸೆಂಬರ್ 21ಕ್ಕೆ ದಕ್ಷಿಣದ ತುದಿ ಮುಟ್ಟಿ ಅದೇ ದಾರಿಯಲ್ಲಿ ಹಿಂದಿರುಗುತ್ತಾನೆ. ಜನವರಿ 14 ಅಂದರೆ ಅದಾಗಿ 24 ದಿನ. 24 ದಿನ ಹಿಂದಕ್ಕೆ ಎಣಿಸಿದರೆ ನವೆಂಬರ್ 27. ಆ ದಿನಗಳಲ್ಲೂ ಸಂಜೆಯ ಬಿಸಿಲು ಅದೇ ಕೋನದಲ್ಲಿ ಗುಡಿಯೊಳಗೆ ಬರುತ್ತದೆ. ಆ ಹೊತ್ತಿಗೆ ಟಿವಿ ಕ್ಯಾಮೆರಾ ಇರುವುದಿಲ್ಲ, ನೂಕುನುಗ್ಗಲೂ ಇರುವುದಿಲ್ಲ.

ಜಯನಗರ ನಾಲ್ಕನೇ ಬ್ಲಾಕ್

ಮೇಡಂ, ಹಾಗಾದರೆ ಸಂಕ್ರಾಂತಿಯ ದಿನಾಂಕವೇ ಮುಂದೆ ಸರಿಯುತ್ತಿದೆ ಅಂತಾರಲ್ಲ, ಬೆಳಕು ಏನಾಗುತ್ತದೆ?

ಪಂಚಾಂಗ ನೋಡುವವಳು

ಬೆಳಕು ಅಲ್ಲೇ ಇರುತ್ತದೆ, ಹಬ್ಬ ಸರಿಯುತ್ತದೆ. ನಮ್ಮ ಸಂಕ್ರಾಂತಿ ನಕ್ಷತ್ರಗಳ ಲೆಕ್ಕದ್ದು, ಬಿಸಿಲಿನ ಕೋನ ಭೂಮಿಯ ಅಕ್ಷದ ಲೆಕ್ಕದ್ದು. ಅಕ್ಷ ನಿಧಾನವಾಗಿ ಸುತ್ತುವುದರಿಂದ ಎರಡರ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನದ ಅಂತರ ಬೆಳೆಯುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12, ಅವತ್ತು ಮಕರ ಸಂಕ್ರಾಂತಿ. ಈಗ ನಾವು 14 ಅಥವಾ 15ಕ್ಕೆ ಆಚರಿಸುತ್ತೇವೆ. ಇನ್ನು ಕೆಲವು ಶತಮಾನ ಕಳೆದರೆ ಹಬ್ಬದ ದಿನ ಆ ಬೆಳಕಿನ ದಿನಗಳಿಂದ ಆಚೆ ಹೋಗಿರುತ್ತದೆ.

ಅಡುಗೆಮನೆ ವಿಜ್ಞಾನ

ಒಲೆಯ ಮೇಲಿನ ಅಚ್ಚರಿಗೆ ಬರುತ್ತೇನೆ. ನೀರು 100 ಡಿಗ್ರಿಗೆ ಕುದಿಯುತ್ತದೆ ಅಂತ ಶಾಲೆಯಲ್ಲಿ ಬರೆಸಿದ್ದು ಮಂಗಳೂರಿಗೆ ಸರಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ 910 ಹೆಕ್ಟೊಪಾಸ್ಕಲ್ ಆಸುಪಾಸು, ಸಮುದ್ರದ ದಡದಲ್ಲಿ 1013. ಒತ್ತಡ 36 ಹೆಕ್ಟೊಪಾಸ್ಕಲ್ ಇಳಿದಂತೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ. ಲೆಕ್ಕ ಹಾಕಿ, ನಮ್ಮಲ್ಲಿ 97. ನಂದಿಬೆಟ್ಟದ ಮೇಲೆ 95ರ ಹತ್ತಿರ, ಲೇಹ್‌ನಲ್ಲಿ 88ರ ಆಸುಪಾಸು, ಎವರೆಸ್ಟ್ ತುದಿಯಲ್ಲಿ 70ರ ಸುಮಾರು.

ಪರೀಕ್ಷೆಗೆ 110 ಡಿಗ್ರಿವರೆಗಿನ ಪ್ರಯೋಗಾಲಯದ ಥರ್ಮಾಮೀಟರ್ ಬೇಕು. ಜ್ವರ ನೋಡುವುದನ್ನು ಖಂಡಿತ ಹಾಕಬೇಡಿ, ಅದು 42ಕ್ಕೆ ಮುಗಿಯುತ್ತದೆ, ಗಾಜು ಒಡೆದು ಪಾದರಸ ನೀರಿಗೆ ಸೇರುತ್ತದೆ. ಅರ್ಧ ಪಾತ್ರೆ ನೀರು ಕುದಿಸಿ, ಬುರುಡೆ ನೀರಿನ ನಡುವೆ ಇರುವಂತೆ ದಾರದಿಂದ ತೂಗುಬಿಡಿ. ತಳ ಮುಟ್ಟಿದರೆ ಪಾತ್ರೆಯ ಬಿಸಿ ಓದುತ್ತದೆ. ಮಳಮಳ ಕುದಿಯಲು ಶುರುವಾಗಿ ಎರಡು ನಿಮಿಷ ಆದ ಮೇಲೆ ಓದಿ. ಉರಿ ಎಷ್ಟೇ ಜೋರು ಮಾಡಿದರೂ ಅಂಕಿ ಏರದು, ಆವಿ ಮಾತ್ರ ಹೆಚ್ಚುತ್ತದೆ, ಗ್ಯಾಸ್ ಖರ್ಚಾಗುತ್ತದೆ. ಉಪ್ಪು ಹಾಕಿದರೆ ಬೇಗ ಬೇಯುತ್ತದೆ ಅನ್ನುವುದನ್ನೂ ಇಲ್ಲೇ ಪರೀಕ್ಷಿಸಬಹುದು: ಲೀಟರಿಗೆ 10 ಗ್ರಾಂ ಉಪ್ಪಿಗೆ ಕುದಿಬಿಂದು ಏರುವುದು 0.2 ಡಿಗ್ರಿಗಿಂತ ಕಡಿಮೆ. ರುಚಿಗೆ ಹಾಕಿ, ಬೇಯಲಿ ಅಂತಲ್ಲ.

ಮೂರು ಡಿಗ್ರಿ ಸಣ್ಣದು ಅನ್ನಿಸಬಹುದು. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಿಸಿದರೆ ಕರಾವಳಿಗಿಂತ ಹೆಚ್ಚು ಹೊತ್ತು ಹಿಡಿಯುವುದು ಇದರಿಂದಲೇ. ಕುಕ್ಕರ್‌ನಲ್ಲಿ ಅಂತರ ಅರ್ಧಕ್ಕೆ ಇಳಿಯುತ್ತದೆ. ಕುಕ್ಕರಿನ ವೆಯ್ಟ್ ಹೊರಗಿನ ಒತ್ತಡದ ಮೇಲೆ ಸುಮಾರು ಒಂದು ಬಾರ್ ಹೆಚ್ಚುವರಿ ಹಿಡಿದಿಡುತ್ತದೆ. ಸಮುದ್ರಮಟ್ಟದಲ್ಲಿ ಒಳಗೆ 120 ಡಿಗ್ರಿ, ಇಲ್ಲಿ 119ರ ಹತ್ತಿರ. ವೆಯ್ಟ್ ಸವೆದಿದ್ದರೆ, ಗ್ಯಾಸ್ಕೆಟ್ ಸೋರುತ್ತಿದ್ದರೆ ಅದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತೀರಿ.

ರಾಜಾಜಿನಗರ ಆರನೇ ಬ್ಲಾಕ್

ಹವಾಮಾನದ ಆ್ಯಪ್‌ನಲ್ಲಿ ಬೆಂಗಳೂರಿಗೆ 1013 ಅಂತಲೇ ತೋರಿಸುತ್ತಿದೆಯಲ್ಲ ಸರ್. 910 ಎಲ್ಲಿಂದ ಬಂತು?

ಅಡುಗೆಮನೆ ವಿಜ್ಞಾನ

ಆ್ಯಪ್ ಕೊಡುವುದು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಅಂಕಿ. ಊರೂರಿನ ಹವಾಮಾನ ಹೋಲಿಸಲು, ವಿಮಾನದವರ ಎತ್ತರಮಾಪಕ ಹೊಂದಿಸಲು ಅದು ಬೇಕು. ನಿಮ್ಮ ಮೂಗಿನ ಮುಂದಿರುವ ಗಾಳಿಯ ಒತ್ತಡ 910ರ ಸುಮಾರು. ಎಷ್ಟೋ ಫೋನುಗಳಲ್ಲಿ ಒತ್ತಡದ ಸಂವೇದಕ ಇರುತ್ತದೆ, ಬ್ಯಾರೋಮೀಟರ್ ಆ್ಯಪ್ ಹಾಕಿಕೊಂಡು, ಅದರಲ್ಲಿ ಸಮುದ್ರಮಟ್ಟಕ್ಕೆ ಹೊಂದಿಸುವ ಆಯ್ಕೆಯನ್ನು ಬಂದ್ ಮಾಡಿ ನೋಡಿ.

ಅದನ್ನು ಇಟ್ಟುಕೊಂಡು ಇನ್ನೂ ದೊಡ್ಡ ಅಚ್ಚರಿ ನೋಡಬಹುದು. ಸಮುದ್ರಕ್ಕೆ ಮಾತ್ರವಲ್ಲ, ಗಾಳಿಗೂ ಭರತ ಇಳಿತ ಇದೆ, ದಿನಕ್ಕೆ ಎರಡು ಸಲ. ಬೆಳಗ್ಗೆ 10 ಮತ್ತು ರಾತ್ರಿ 10ರ ಸುಮಾರಿಗೆ ಒತ್ತಡ ಏರಿರುತ್ತದೆ, ಸಂಜೆ 4 ಮತ್ತು ಬೆಳಗಿನ ಜಾವ 4ಕ್ಕೆ ಇಳಿದಿರುತ್ತದೆ. ಏರಿಳಿತ 3 ಹೆಕ್ಟೊಪಾಸ್ಕಲ್ ಆಸುಪಾಸು. ಸಮುದ್ರದಲ್ಲಿ ಮುಖ್ಯ ಕೈವಾಡ ಚಂದ್ರನದ್ದು. ಗಾಳಿಯಲ್ಲಿ ಸೂರ್ಯನ ಶಾಖದ್ದು: ಮೇಲಿನ ಓಝೋನ್, ಕೆಳಗಿನ ನೀರಾವಿ ಬಿಸಿಲು ಹೀರಿ ಬಿಸಿಯಾಗಿ ಇಡೀ ವಾತಾವರಣದಲ್ಲಿ ಅಲೆ ಎಬ್ಬಿಸುತ್ತವೆ. ಉಷ್ಣವಲಯದಲ್ಲಿ ಇದು ಅತಿ ಸ್ಪಷ್ಟ. ಯುರೋಪಿನಲ್ಲಿ ಬಿರುಗಾಳಿಗಳ ಏರುಪೇರಿನಲ್ಲಿ ಮುಚ್ಚಿಹೋಗುತ್ತದೆ.

ಫೋನನ್ನು ಒಂದೇ ಮೇಜಿನ ಮೇಲೆ ಇಟ್ಟು ಗಂಟೆಗೊಮ್ಮೆ ಬರೆದುಕೊಳ್ಳಿ. ಮಹಡಿ ಬದಲಿಸಿದರೆ ಕೆಟ್ಟಿತು, 3 ಮೀಟರ್ ಮೇಲೆ ಹೋದರೆ 0.3 ಇಳಿಯುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಇರುವ ವಾರ ಬೇಡ. ಜನವರಿ, ಫೆಬ್ರವರಿಯ ತಿಳಿ ದಿನಗಳಲ್ಲಿ ಎರಡು ಗುಡ್ಡ ಎರಡು ತಗ್ಗಿನ ಗೆರೆ ಸೊಗಸಾಗಿ ಮೂಡುತ್ತದೆ.

ರಾಜಾಜಿನಗರ ಆರನೇ ಬ್ಲಾಕ್

ಧನ್ಯವಾದ. ಹಾಗೇ ಇನ್ನೊಂದು: ಉತ್ತರಾರ್ಧ ಗೋಳದಲ್ಲಿ ಸಿಂಕಿನ ನೀರು ಒಂದು ದಿಕ್ಕಿಗೆ, ದಕ್ಷಿಣದಲ್ಲಿ ಇನ್ನೊಂದು ದಿಕ್ಕಿಗೆ ಸುತ್ತುತ್ತದೆ ಅನ್ನುವುದು?

ಲೋಲಕ

ಸಿಂಕಿನಲ್ಲಿ ಸುಳ್ಳು, ತತ್ವದಲ್ಲಿ ನಿಜ. ಬೆಂಗಳೂರಿನ ಅಕ್ಷಾಂಶದಲ್ಲಿ ನಿಮ್ಮ ಕಾಲ ಕೆಳಗಿನ ನೆಲ ತನ್ನ ಸುತ್ತ ತಿರುಗುವುದು ಗಂಟೆಗೆ 3.4 ಡಿಗ್ರಿ. ಸಿಂಕ್ ಖಾಲಿಯಾಗುವ ಅರ್ಧ ನಿಮಿಷದಲ್ಲಿ 0.03 ಡಿಗ್ರಿ. ನಲ್ಲಿಯಿಂದ ನೀರು ಬಿದ್ದ ಓರೆ, ಬಟ್ಟಲಿನ ಆಕಾರ, ಬಿರಡೆ ಎಳೆದ ಕೈ, ಇವೆಲ್ಲ ಅದಕ್ಕಿಂತ ಸಾವಿರಾರು ಪಟ್ಟು ದೊಡ್ಡವು. ಪಕ್ಕಪಕ್ಕದ ಎರಡು ಸಿಂಕುಗಳೇ ಬೇರೆ ಬೇರೆ ದಿಕ್ಕಿಗೆ ಸುತ್ತಬಹುದು.

ನಿಜವಾಗಿ ನೋಡಬೇಕಾದರೆ ಎಷ್ಟು ಕಷ್ಟಪಡಬೇಕು ಅನ್ನುವುದಕ್ಕೆ 1962ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಆಶರ್ ಶಪೀರೊ ಮಾಡಿದ ಪ್ರಯೋಗವೇ ಉದಾಹರಣೆ: 1.8 ಮೀಟರ್ ಅಗಲದ ಚಪ್ಪಟೆ ತೊಟ್ಟಿ, ನಡುವೆ 1 ಸೆಂ.ಮೀ.ಗೂ ಸಣ್ಣ ರಂಧ್ರ, ಗಾಳಿ ತಾಗದಂತೆ ಮೇಲೆ ಪ್ಲಾಸ್ಟಿಕ್ ಹೊದಿಕೆ, 24 ಗಂಟೆ ಅಲುಗದೆ ಇಟ್ಟ ನೀರು. ಆಗ ಅಪ್ರದಕ್ಷಿಣವಾಗಿ ಸುತ್ತಿತು. 1965ರಲ್ಲಿ ಸಿಡ್ನಿಯಲ್ಲಿ ಅದೇ ರೀತಿ ಮಾಡಿದಾಗ ಪ್ರದಕ್ಷಿಣವಾಗಿ ಸುತ್ತಿತು.

ನಮ್ಮಲ್ಲಿ ಫೂಕೊ ಲೋಲಕ ಇನ್ನೂ ಸುಲಭ: ಉದ್ದ ತಂತಿಗೆ ಭಾರ ಕಟ್ಟಿ ತೂಗಲು ಬಿಟ್ಟರೆ, ಕೆಳಗಿನ ನೆಲ ತಿರುಗುವುದರಿಂದ ಅದು ತೂಗುವ ದಿಕ್ಕು ನಿಧಾನವಾಗಿ ತಿರುಗಿದಂತೆ ಕಾಣುತ್ತದೆ. ದೆಹಲಿಯ ಹೊಸ ಸಂಸತ್ ಭವನದಲ್ಲಿ ತೂಗುಹಾಕಿರುವುದು ಇದನ್ನೇ. ಅದು ಒಂದು ಸುತ್ತು ಮುಗಿಸಲು ಸುಮಾರು 50 ಗಂಟೆ ತೆಗೆದುಕೊಳ್ಳುತ್ತದೆ. ಬೆಂಗಳೂರಲ್ಲಿ ಸುಮಾರು 107 ಗಂಟೆ ಬೇಕು, ಧ್ರುವದಲ್ಲಿ ಒಂದು ದಿನ, ಸಮಭಾಜಕದಲ್ಲಿ ತಿರುಗುವುದೇ ಇಲ್ಲ. ಮೂರು ಮಹಡಿಯ ಮೆಟ್ಟಿಲಿನ ಬಾವಿಯಲ್ಲಿ 10 ಮೀಟರ್ ಉಕ್ಕಿನ ತೆಳು ತಂತಿಗೆ 5 ಕಿಲೋ ದುಂಡು ತೂಕ ಕಟ್ಟಿದರೆ ಒಂದು ತೂಗಾಟಕ್ಕೆ 6.3 ಸೆಕೆಂಡ್. ಎರಡು ಗಂಟೆಯಲ್ಲಿ ತೂಗುವ ದಿಕ್ಕು 6.7 ಡಿಗ್ರಿ ತಿರುಗಿರುತ್ತದೆ. ನೆಲದ ಮೇಲೆ 1 ಮೀಟರ್ ತ್ರಿಜ್ಯದ ವೃತ್ತ ಬರೆದರೆ ಅದರ ಮೇಲೆ 12 ಸೆಂ.ಮೀ. ಅಂತರ, ಯಾರಿಗೂ ಕಾಣುತ್ತದೆ.

ಕೆಡುವುದು ಎರಡು ಕಡೆ. ತಂತಿಯನ್ನು ಕೊಕ್ಕೆಗೆ ಸುತ್ತಿ ಗಂಟು ಹಾಕಿದರೆ ಒಂದು ದಿಕ್ಕಿಗೆ ಸಲೀಸು, ಇನ್ನೊಂದಕ್ಕೆ ಬಿಗಿ. ಕೆಲವೇ ನಿಮಿಷದಲ್ಲಿ ತೂಗಾಟ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಡ್ರಿಲ್ಲಿನ ಚಕ್ (ಬಿಟ್ ಹಿಡಿಯುವ ಬಾಯಿ) ಒಳಗೆ ತಂತಿ ಬಿಗಿದು, ಚಕ್ಕನ್ನು ಅಲುಗದಂತೆ ತೊಲೆಗೆ ಕೂರಿಸಬೇಕು. ಇನ್ನೊಂದು, ಕೈಯಿಂದ ತಳ್ಳಬಾರದು. ತೂಕವನ್ನು ಹತ್ತಿ ದಾರದಿಂದ ಪಕ್ಕಕ್ಕೆ ಎಳೆದು ಕಟ್ಟಿ, ಪೂರ್ತಿ ನಿಶ್ಚಲವಾದ ಮೇಲೆ ದಾರವನ್ನು ಬೆಂಕಿಕಡ್ಡಿಯಿಂದ ಸುಡಬೇಕು.

ಕಲ್ಲುಗುಂಡು

ಲಾಲ್‌ಬಾಗ್ ಬಂಡೆ ಬಿಟ್ಟುಹೋಗಬಾರದು. ಕೆಂಪೇಗೌಡ ಗೋಪುರ ನಿಂತಿರುವ ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಹಿಮಾಲಯ ಏಳಲು ಶುರುವಾಗಿದ್ದು 5 ಕೋಟಿ ವರ್ಷಗಳ ಹಿಂದೆ. ಗಾಳಿಯಲ್ಲಿ ಆಮ್ಲಜನಕ ತುಂಬಿಕೊಳ್ಳತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಅಂದರೆ ಉಸಿರಾಡುವ ಗಾಳಿಯೇ ಇಲ್ಲದ ಭೂಮಿಯ ಕಲ್ಲಿನ ಮೇಲೆ ಜನ ಬೆಳಗ್ಗೆ ಬೆಳಗ್ಗೆ ವ್ಯಾಯಾಮ ಮಾಡುತ್ತಿರುತ್ತಾರೆ. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಈ ಬಗೆಯ ಶಿಲೆಗೆ ಪೆನಿನ್ಸುಲರ್ ನೈಸ್ ಎಂದು ಹೆಸರಿಟ್ಟರು.

ಮಳೆ ಬಿದ್ದು ಕಲ್ಲು ಒದ್ದೆಯಾಗಿರುವಾಗ ಹೋಗಿ ಬಗ್ಗಿ ನೋಡಿ. ಬಿಳಿ ಪಟ್ಟಿಗಳು ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್, ಕಪ್ಪು ಪಟ್ಟಿಗಳಲ್ಲಿ ಮಿನುಗುವುದು ಕಪ್ಪು ಅಭ್ರಕ. ಪಟ್ಟಿಗಳು ನೇರ ಇಲ್ಲ, ಅಲೆಯಲೆಯಾಗಿ ಮಡಚಿವೆ. ನೆಲದಾಳದಲ್ಲಿ ಬಿಸಿಗೆ ಮೆತ್ತಗಾಗಿ ಒತ್ತಡಕ್ಕೆ ಸಿಕ್ಕಿದ್ದ ಗುರುತು ಅದು. ಒಣಗಿದಾಗ ಎಲ್ಲಾ ಬೂದಿಬಣ್ಣಕ್ಕೆ ತಿರುಗಿ ಏನೂ ಕಾಣುವುದಿಲ್ಲ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಚೂರು ಕೀಳಬೇಡಿ.

ಹೆಬ್ಬಾಳ ಕೆರೆ

ಅದೇ ಬಂಡೆಯ ಎತ್ತರದಿಂದಲೇ ಇನ್ನೊಂದು ಸಂಗತಿ. ಬೆಂಗಳೂರು ನದಿಯ ದಡದಲ್ಲಿಲ್ಲ, ದಿಣ್ಣೆಯ ಬೆನ್ನಿನ ಮೇಲಿದೆ. ಬಸವನಗುಡಿಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ದಾಟಿ ಕಾವೇರಿ ಸೇರಿ ಪೂಂಪುಹಾರ್ ಬಳಿ ಸಮುದ್ರಕ್ಕೆ ಹೋಗುತ್ತದೆ. ಕೋರಮಂಗಲದ ಕಡೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಹಾದು ದಕ್ಷಿಣ ಪಿನಾಕಿನಿಗೆ ಇಳಿದು ಕಡಲೂರಿನ ಬಳಿ ಸಮುದ್ರ ಸೇರುತ್ತದೆ. ನಲ್ಲಿಯ ನೀರು ಇನ್ನೂ ವಿಚಿತ್ರ: ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪ್ ಆಗುತ್ತಾ ಅರ್ಧ ಕಿಲೋಮೀಟರಿನಷ್ಟು ಎತ್ತರ ಏರಿ ಬರುವ ಕಾವೇರಿ, ಪೂರ್ವದ ಬಡಾವಣೆಗಳಲ್ಲಿ ಬಳಕೆಯಾಗಿ, ಪಿನಾಕಿನಿಯ ಕಣಿವೆಗೆ ಇಳಿದು, ಸಂಸ್ಕರಣೆಯಾಗಿ, 2018ರಿಂದ ಕೋಲಾರದ ಕೆರೆಗಳಿಗೂ ಹೋಗುತ್ತಿದೆ. ನಿಮ್ಮ ಬೀದಿಯ ನೀರು ಯಾವ ಕಡೆಯದ್ದು ಅಂತ ತಿಳಿಯಬೇಕಾದರೆ ರಸ್ತೆಯ ಇಳಿಜಾರು ನೋಡಬೇಡಿ, ಡಾಂಬರು ಹಾಕಿ ಹಾಕಿ ಅದು ಬದಲಾಗಿದೆ. ಹತ್ತಿರದ ರಾಜಕಾಲುವೆ ಯಾವ ಕೆರೆಗೆ ಸೇರುತ್ತದೆ ಅನ್ನುವುದನ್ನು ಹಿಡಿದು ಹೋಗಿ.

ರಾಜಾಜಿನಗರ ಆರನೇ ಬ್ಲಾಕ್

ಏಷ್ಯಾದಲ್ಲೇ ಮೊದಲ ವಿದ್ಯುತ್ ಬೀದಿದೀಪ ಬೆಂಗಳೂರಿನದ್ದು, 1905. ಇದನ್ನೂ ಸೇರಿಸಬಹುದಾ?

ಅಳತೆಗೋಲು

1905 ಸರಿ, ಏಷ್ಯಾದಲ್ಲೇ ಮೊದಲು ಅನ್ನುವುದು ಸರಿಯಲ್ಲ. ಶಾಂಘೈನಲ್ಲಿ 1882ರಲ್ಲೇ ವಿದ್ಯುತ್ ಬೀದಿದೀಪ ಉರಿದಿತ್ತು. ನಮ್ಮ ಹೆಮ್ಮೆಗೆ ಬೇರೆ ಗಟ್ಟಿ ಆಧಾರವಿದೆ: 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ತಂತಿ ಎಳೆದದ್ದು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ದೀಪ ಉರಿದದ್ದು ಅದೇ ವಿದ್ಯುತ್ತಿನಿಂದ.

ಕೊನೆಗೆ ನನ್ನ ಕಡೆಯಿಂದ ಇನ್ನೊಂದು, ಫೋನ್ ಇದ್ದವರೆಲ್ಲ ನೋಡಬಹುದಾದದ್ದು. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದ ನೀರಿನ ಮಟ್ಟವೇ ತಗ್ಗಾಗಿದೆ. ಭೂಮಿಯ ಲೆಕ್ಕದ ದೀರ್ಘಗೋಳಕ್ಕಿಂತ (ಭೂಮಿಯ ಆಕಾರಕ್ಕೆ ಹೊಂದಿಸಿದ, ಜಿಪಿಎಸ್ ಎತ್ತರ ಅಳೆಯುವ ನಯವಾದ ಕಲ್ಪಿತ ಗೋಳ) 106 ಮೀಟರ್ ಕೆಳಗೆ, ಜಗತ್ತಿನಲ್ಲೇ ಅತಿ ಆಳದ ಗುರುತ್ವದ ತಗ್ಗು. ಅಲ್ಲಿ ನೆಲದಾಳದಲ್ಲಿ ಬಿಸಿಯಾದ, ಹಗುರವಾದ ವಸ್ತು ಇರುವುದರಿಂದ ಗುರುತ್ವ ಕಡಿಮೆ, ನೀರು ಬೇರೆಡೆಗೆ ಎಳೆಯಲ್ಪಟ್ಟು ಮಟ್ಟ ಇಳಿದಿದೆ. ಇದಕ್ಕೆ 2023ರಲ್ಲಿ ವಿವರಣೆ ಕೊಟ್ಟ ಸಂಶೋಧನೆ ನಮ್ಮ ಐಐಎಸ್‌ಸಿಯದ್ದೇ. ಆ ತಗ್ಗಿನ ಅಂಚು ಬೆಂಗಳೂರನ್ನೂ ಆವರಿಸಿದೆ. ಇಲ್ಲಿ ಅದರ ಆಳ ಸುಮಾರು 86 ಮೀಟರ್.

ನೋಡುವ ಬಗೆ: ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಬರೆದಿರುತ್ತಾರೆ. ಅದರ ಪಕ್ಕ ಬಯಲಲ್ಲಿ ನಿಂತು, ಜಿಪಿಎಸ್‌ನ ಕಚ್ಚಾ ಮಾಹಿತಿ ತೋರಿಸುವ ಆ್ಯಪ್ ಐದು ನಿಮಿಷ ಓಡಿಸಿ. ದೀರ್ಘಗೋಳದಿಂದ ಅಳೆದ ಎತ್ತರ ಫಲಕಕ್ಕಿಂತ 86 ಮೀಟರಿನಷ್ಟು ಕಡಿಮೆ ಬರುತ್ತದೆ. ಪ್ಲಾಟ್‌ಫಾರಂ ಚಾವಣಿಯ ಕೆಳಗೆ ನಿಂತರೆ ಸಂಕೇತ ಚೆದುರಿ ಇಪ್ಪತ್ತು ಮೂವತ್ತು ಮೀಟರ್ ಹೆಚ್ಚುಕಡಿಮೆ ಆಗುತ್ತದೆ, ಅಲ್ಲಿ ಬೇಡ. ಕೆಲವು ಆ್ಯಪ್‌ಗಳು ಸಮುದ್ರಮಟ್ಟಕ್ಕೆ ತಿದ್ದಿದ ಅಂಕಿಯನ್ನೇ ಕೊಡುತ್ತವೆ. ಅಂಥದ್ದರಲ್ಲಿ ಕಚ್ಚಾ ಸಾಲುಗಳ ಪುಟ ತೆರೆದು, ಮೊದಲ ಹೆಸರು ಜಿಜಿಎ (GGA) ಅಂತ ಮುಗಿಯುವ ಸಾಲಿನಲ್ಲಿ ಆ ಹೆಸರನ್ನು ಬಿಟ್ಟು ಹನ್ನೊಂದನೇ ಅಂಕಣ ನೋಡಿ, ಆ ತಿದ್ದುಪಡಿ ಅಲ್ಲಿ ಋಣ ಚಿಹ್ನೆಯೊಂದಿಗೆ ಇರುತ್ತದೆ.

ಸಜ್ಜಾ ಲಿಂಟಲ್

ಸೈಟಿನಲ್ಲಿ ಇದು ದುಬಾರಿಯಾಗುವ ಸಂದರ್ಭವೂ ಇದೆ. ಡ್ರೋನ್ ಸರ್ವೆ ದೀರ್ಘಗೋಳದ ಎತ್ತರದಲ್ಲಿ, ಹಳೆಯ ನಕ್ಷೆ ಸಮುದ್ರಮಟ್ಟದಲ್ಲಿ ಇದ್ದರೆ ಎರಡನ್ನೂ ಕೂಡಿಸುವ ಮೊದಲು ಕೇಳಿಕೊಳ್ಳಿ. 86 ಮೀಟರ್ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತದೆ. ಬೇರೆ ಬೇರೆ ಗುರುತ್ವ ಮಾದರಿ ಬಳಸಿದ ಎರಡು ಸರ್ವೆಗಳ ನಡುವಿನ ಸಣ್ಣ ವ್ಯತ್ಯಾಸ ಮಾತ್ರ ಸದ್ದಿಲ್ಲದೆ ಉಳಿದು, ಚರಂಡಿಯ ಇಳಿಜಾರನ್ನೇ ತಿರುಗುಮುರುಗು ಮಾಡುತ್ತದೆ. ಇಳಿಜಾರಿಗೆ ಲೆವೆಲ್ ಯಂತ್ರ ಇಟ್ಟೇ ಓದಬೇಕು. ಸಣ್ಣ ಸೈಟಿಗೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿದರೂ ಆಗುತ್ತದೆ, ಒಳಗೆ ಗಾಳಿಗುಳ್ಳೆ ಉಳಿಯದಂತೆ ನೋಡಿಕೊಳ್ಳಿ.